ಬಿ ಸೈಡಿನ ಮೂರನೆಯ ಪದ

ಆಯ್ದು ಇಟ್ಟದ್ದನ್ನು ಕಂಡರೆ ನನಗೆ ಅನುಮಾನ. ಆಯ್ದ ಕತೆಗಳು, ಆಯ್ದ ಫೋಟೋಗಳು, ಆಯ್ದ ಬದನೆಕಾಯಿ, ಎಲ್ಲದರ ಮೇಲೂ. ಸಂತೆಯಲ್ಲಿ ಬದನೆಕಾಯಿ ಮಾರುವವನು ಹುಳುಕನ್ನು ಬುಟ್ಟಿಯ ತಳಕ್ಕೆ ತಳ್ಳಿ, ನುಣುಪಾದದ್ದನ್ನು ಮೇಲೆ ಜೋಡಿಸಿ, ಅದರ ಮೇಲಿಷ್ಟು ನೀರು ಚಿಮುಕಿಸುವುದನ್ನು ನಿಂತು ನೋಡಿದವನು ನಾನು. ಮನುಷ್ಯನ ನೆನಪೂ ಆ ವ್ಯಾಪಾರಿಯ ಜಾತಿಗೇ ಸೇರಿದ್ದು. ಬೇಕಾದರೆ ಮದುವೆಯಾಗಿ ಒಂದಷ್ಟು ಕಾಲ ಕಳೆದ ಯಾವುದೇ ಗಂಡಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಿಮ್ಮ ಮದುವೆಯ ದಿನ ಏನೇನಾಯಿತು ಎಂದು ಕೇಳಿ ನೋಡಿ. ನಿಮಗೆ ಎರಡು ಬೇರೆ ಮದುವೆಗಳ ವರದಿ ಸಿಗುತ್ತದೆ. ಒಂದರಲ್ಲಿ ಸಾರು ಚೆನ್ನಾಗಿತ್ತು, ಇನ್ನೊಂದರಲ್ಲಿ ಹಳಸಿತ್ತು. ನಮ್ಮ ಮದುವೆಯದಂತೂ ನನ್ನೊಬ್ಬನ ಬಳಿಯೇ ಮೂರು ವರದಿಗಳಿವೆ. ಕೇಳುವವರು ಯಾರೆಂದು ನೋಡಿಕೊಂಡು ಒಂದನ್ನು ಹೊರಗೆ ತೆಗೆಯುತ್ತೇನೆ. ಇಷ್ಟೆಲ್ಲ ಅನುಮಾನವಿದ್ದ ನಾನೇ ಒಂದು ಸಂಜೆ ಹಿಂದೂಪುರದ ಬಸ್ ಸ್ಟ್ಯಾಂಡಿನ ಹತ್ತಿರ ‘ಪದದ ತಿಪ್ಪಣ್ಣನ ಆಯ್ದ ಪದಗಳು’ ಎಂಬ ಕ್ಯಾಸೆಟ್ ಕೊಂಡು, ಮಗು ಹುಟ್ಟಿದ ಸುದ್ದಿ ಹೊತ್ತವನ ಹಾಗೆ ಸೈಕಲ್ ತುಳಿದುಕೊಂಡು ಮನೆಗೆ ತಂದೆ. ಕ್ಯಾಸೆಟ್ಟಿನಿಂದ ಮನೆಯೊಳಗೆ ಒಂದು ಸಾವು ಸಂಭವಿಸಬಹುದು ಎಂದು ನನಗೆ ತೋಚಲಿಲ್ಲ. ಸತ್ತದ್ದು ಮನುಷ್ಯರಲ್ಲ, ಒಂದು ಹೆಮ್ಮೆ. ಆದರೆ ಆ ಹೆಮ್ಮೆ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹೆಚ್ಚು ಓಡಾಡಿಕೊಂಡಿತ್ತು.

ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ನೇಯ್ಗೆಯ ಮನೆ. ಅಪ್ಪ ಮಗ್ಗದಲ್ಲಿ ಕೂತವರು. ನಾನು ಸೀರೆಯಂಚಿನ ಡಿಸೈನಿಗಾಗಿ ರಟ್ಟಿನಲ್ಲಿ ತೂತು ಹೊಡೆಯುವವನು. ಆ ತೂತುಗಳು ಹೇಳಿದಂತೆ ಮಗ್ಗ ಮಾವಿನಕಾಯಿಯನ್ನೋ ನವಿಲನ್ನೋ ಮೂಡಿಸುತ್ತದೆ. ಜನ ಎಂದಿಗೂ ಅದೇ ಮಾವಿನಕಾಯಿ, ಅದೇ ನವಿಲು ಕೇಳುತ್ತಾರೆ. ನನಗೋ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಅಂಚಿನ ಸಾಲಿನಲ್ಲಿ ಒಂದು ಮಾವಿನಕಾಯಿಯನ್ನು ಬೇಕೆಂದೇ ಬಿಟ್ಟು, ಅಲ್ಲಿ ಖಾಲಿ ಜಾಗ ನೇಯಿಸಿದೆ. ಖಾಲಿ ಜಾಗವೂ ಒಂದು ಚಿತ್ರ ಎಂಬುದು ನನ್ನ ವಾದ. ಸೀರೆ ಕೊಂಡಾಕೆ ಇಲಿ ಕಡಿದಿದೆ ಎಂದು ವಾಪಸ್ಸು ಕಳಿಸಿದಳು. ಆ ಸೀರೆಯನ್ನು ಈಗ ನನ್ನ ಹೆಂಡತಿ ಸರೋಜ ಮನೆಯಲ್ಲಿ ಉಡುತ್ತಾಳೆ, ಖಾಲಿ ಜಾಗ ಯಾರಿಗೂ ಕಾಣದಂತೆ ನೆರಿಗೆಯೊಳಗೆ ಮಡಚಿಕೊಂಡು. ನನ್ನ ಹೊಸತನಕ್ಕೆ ನಮ್ಮ ಸಂಸಾರದಲ್ಲಿ ಇರುವ ಸ್ಥಾನ ಸರಿಸುಮಾರು ಆ ನೆರಿಗೆಯೊಳಗಿನದೇ.

ಸರೋಜ ಕಲ್ಯಾಣದುರ್ಗದವಳು. ಅವಳ ಹತ್ತಿರ ಒಂದು ಬ್ರಹ್ಮಾಸ್ತ್ರವಿತ್ತು. ಉಪ್ಪು ಹೆಚ್ಚಾದ ಜಗಳವಾಗಲಿ, ನನ್ನ ಅಕ್ಕ ಬಂದು ಹೋದ ಮೇಲಿನ ಜಗಳವಾಗಲಿ, ನಾನು ಗೆಲ್ಲುವ ಹಂತಕ್ಕೆ ಬಂದೆ ಅನ್ನುವಾಗ ಅವಳು ಸೆರಗು ಕೊಡವಿ ಅದನ್ನು ಬಿಡುತ್ತಿದ್ದಳು. “ನನ್ ಮೇಲೆ ಪದ ಕಟ್ಟವ್ರೆ ಕಣ್ರೀ. ನಿಮ್ ವಂಶದಾಗೆ ಯಾರ ಮೇಲಾದ್ರೂ ಕಟ್ಟವ್ರಾ?” ನಮ್ಮ ಕಡೆ ಹಾಡಿಗೆ ಪದ ಎನ್ನುವುದು ವಾಡಿಕೆ. ನಮ್ಮ ವಂಶದವರ ಮೇಲೆ ಯಾರೂ ಪದ ಕಟ್ಟಿರಲಿಲ್ಲ. ದೊಡ್ಡಪ್ಪನೊಬ್ಬನ ಮೇಲೆ ಯಾರೋ ಅರ್ಜಿ ಬರೆದಿದ್ದರಂತೆ, ಅಷ್ಟೇ. ಹಾಗಾಗಿ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಪದ ಕಟ್ಟಿದ್ದು ತಿಪ್ಪಣ್ಣ. ಬೆಳುಗುಪ್ಪದ ಹತ್ತಿರದ ಹಳ್ಳಿಯವನು. ವಯಸ್ಸಿನಲ್ಲಿ ಬಾವಿ ತೋಡುವ ಆಳುಗಳ ಜೊತೆ ಹಾಡುತ್ತಿದ್ದನಂತೆ, ಮಣ್ಣಿನ ಬುಟ್ಟಿ ಎತ್ತುವವರಿಗೆ ಉಸಿರು ಹೊಂದಿಸಲು. ಆಮೇಲೆ ಕಲ್ಯಾಣದುರ್ಗದ ಕಣಗಳಲ್ಲಿ ಹೆಂಗಸರು ಬಿತ್ತನೆಗೆ ಕಡಲೆಕಾಯಿ ಸುಲಿಯುವಾಗ ಹಾಡಿದ. ಅಲ್ಲಿಂದ ಮದುವೆಮನೆಗಳಿಗೆ ಬಂದ. ಎಡಗೈಯಲ್ಲಿ ತಂಬೂರಿ, ಬಲಗೈಯಲ್ಲಿ ಚಿಟಿಕೆ, ಬಾಯಿತುಂಬ ಎಲೆಯಡಿಕೆ. ಅಷ್ಟರಲ್ಲೇ ದನಿ ಹೊರಗೆ ಬರಲು ದಾರಿ ಹುಡುಕಿಕೊಳ್ಳುತ್ತಿತ್ತು. ಮದುವೆಮನೆಗೆ ಬಂದವನು ಯಜಮಾನರನ್ನಾಗಲಿ ಪುರೋಹಿತರನ್ನಾಗಲಿ ಮಾತಾಡಿಸುತ್ತಿರಲಿಲ್ಲ. ನೇರ ಹಿತ್ತಲಿಗೆ ಹೋಗಿ ಅಡುಗೆಯವರ ಪಕ್ಕ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಅವರ ಬಾಯಿಂದ ಹೆಣ್ಣಿನ ಹೆಸರು, ಅವಳು ಮುನಿಸಿಕೊಂಡಿದ್ದು ಯಾಕೆ, ಯಾವ ಬೀಗರು ಕಾಫಿಗೆ ಸಕ್ಕರೆ ಸಾಲದೆಂದರು, ಎಲ್ಲ ಕೇಳಿಕೊಂಡು ಎದ್ದು ಬಂದನೆಂದರೆ ಚಪ್ಪರದಲ್ಲಿ ಹಾಡು ಶುರು. ನಮ್ಮ ಮದುವೆಯಲ್ಲೂ ಹಾಗೇ ಹಾಡಿದ. ಅದರ ಎರಡು ಸಾಲು ಹೀಗಿದ್ದವು:

ಕೆಂಪು ಮಣ್ಣಿನ ಊರ ಕಡೆಗಣ್ಣ ಚೆಲುವೆ
ಸರೋಜಮ್ಮ ಬಾಗ್ಲು ತೆಗಿಯೆ, ನಿಂತೈತೆ ದಿಬ್ಬಣವೆ

ಇದು ಸರೋಜಳ ಪಾಲಿನ ಭಾಗ. ಮುಂದೆ ಇನ್ನೆರಡು ಸಾಲಿವೆ. ಅದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ, ಆದರೆ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ:

ಯಾರ್ದೋ ಚಪ್ಪರದಾಗೆ ಉಪ್ಪಿಟ್ಟು ಉಂಡು
ಮೂತಿ ಒರಸ್ಕೊಂಡು ಬಂದವ್ನೆ ನಮ್ಮೂರ್ಗೆ ಗಂಡು

ಇದರ ಹಿನ್ನೆಲೆ ಇಷ್ಟೇ. ಆ ದಿನ ಕಲ್ಯಾಣದುರ್ಗದಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಎರಡು ಮದುವೆಗಳಿದ್ದವು. ಹಿಂದೂಪುರದಿಂದ ನಮ್ಮ ಬಸ್ಸು ಬೆಳಿಗ್ಗೆ ತಲುಪಿದಾಗ ಒಂದು ಚಪ್ಪರದ ಮುಂದೆ ಓಲಗದವರು ಗಂಡಿನ ಕಡೆಯವರನ್ನು ಎದುರುಗೊಳ್ಳಲು ನಿಂತಿದ್ದರು. ಅವರು ಕಾಯುತ್ತಿದ್ದದ್ದು ಬೇರೆ ಊರಿನ ಗಂಡಿಗಾಗಿ. ಆದರೆ ಬಸ್ಸಿನಿಂದ ಬಾಸಿಂಗ ಕಟ್ಟಿದವನೊಬ್ಬ ಇಳಿದರೆ ಓಲಗದವರು ಅವನ ಊರು ಕೇಳುತ್ತಾರೆಯೇ? ಊದಿಬಿಟ್ಟರು. ನಾವು ಬಾಗಿಲವರೆಗೆ ಹೋದೆವು, ತಪ್ಪು ಗೊತ್ತಾಯಿತು, ವಾಪಸ್ಸು ಬಂದೆವು. ಇದು ನನ್ನ ಮೂರು ವರದಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಉಪ್ಪಿಟ್ಟಿನ ವಿಷಯಕ್ಕೆ ಬಂದರೆ, ಅದು ಹಾಡುಗಾರರ ಹಳೆಯ ಸರಕು, ಎಲ್ಲ ಮದುವೆಯಲ್ಲೂ ಗಂಡನ್ನು ಹಂಗಿಸಲು ಹಾಡುವ ಸಿದ್ಧ ಸಾಲು, ನಮ್ಮ ಪ್ರಸಂಗಕ್ಕೆ ಅಕಸ್ಮಾತ್ತಾಗಿ ಹೊಂದಿಕೊಂಡಿತು ಎಂಬುದು ನನ್ನ ನಿಲುವು. ‘ಉಂಡು’ ‘ಗಂಡು’ ಎಂಬ ಪ್ರಾಸ ಎಷ್ಟು ಸುಲಭದ್ದೆಂದರೆ ನನ್ನ ಅಜ್ಜ ಹುಟ್ಟುವ ಮೊದಲೇ ಯಾರೋ ಅದನ್ನು ಹೊಸೆದಿರಲೇಬೇಕು. ಹೀಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿತ್ತು: ಮೊದಲ ಎರಡು ಸಾಲು ಅವಳ ಮೇಲೆಯೇ ಕಟ್ಟಿದ್ದು, ಕೊನೆಯ ಎರಡು ಸಾಲು ಯಾರ ಮೇಲೂ ಕಟ್ಟಿದ್ದಲ್ಲ. ಇಂಥ ಒಪ್ಪಂದಗಳ ಮೇಲೆಯೇ ಸಂಸಾರಗಳು ನಿಂತಿರುವುದು.

ಈಗ ಕ್ಯಾಸೆಟ್ಟಿಗೆ ಬರೋಣ. ಅದನ್ನು ಹೊರತಂದವನು ಕಲ್ಯಾಣದುರ್ಗದ ಒಬ್ಬ ಕ್ಯಾಸೆಟ್ ಅಂಗಡಿಯವನು. ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ ಹೊಡೆದು ಅಲ್ಲೇ ರೆಕಾರ್ಡ್ ಮಾಡಿದ್ದ. ಮೇಲಿನ ಫೋಟೋದಲ್ಲಿ ತಿಪ್ಪಣ್ಣ ಕೋಟು ಹಾಕಿಕೊಂಡಿದ್ದಾನೆ. ಕೋಟು ಅವನದಲ್ಲ ಎಂದು ತೋಳಿನ ಉದ್ದವೇ ಹೇಳುತ್ತದೆ. ಕನ್ನಡಕವೂ ಅವನದಲ್ಲ, ಅದರೊಳಗಿಂದ ಅವನು ನಮ್ಮನ್ನು ನೋಡುತ್ತಿಲ್ಲ, ಹುಡುಕುತ್ತಿದ್ದಾನೆ. ನಾನು ಟೂ ಇನ್ ಒನ್ ಟೇಪ್ ರೆಕಾರ್ಡರ್ ಒರೆಸಿ ನಡುಮನೆಯಲ್ಲಿಟ್ಟು, ಸರೋಜಳನ್ನು ಕರೆದೆ. ಅವಳು ಒಗ್ಗರಣೆಗೆ ಇಟ್ಟ ಬಾಣಲೆ ಇಳಿಸಿ, ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು ಬಂದು ಕೂತಳು. ತನ್ನ ಹಾಡು ಕೇಳಲು ಹಾಗೆ ಸಿದ್ಧವಾಗಿ ಬಂದವಳನ್ನು ನೋಡಿ ನಾನೂ ಅಂಗಿ ಹಾಕಿಕೊಂಡೆ.

ನಿಜ ಹೇಳಬೇಕೆಂದರೆ ಎ ಸೈಡು ನನ್ನನ್ನು ಬೆರಗುಗೊಳಿಸಿತು. ಮೊದಲನೆಯದು ಬಾವಿಯ ಪದ. ಹಿಂದೆ ಅದನ್ನು ಹಾಡುವಾಗ ಪ್ರತಿ ಸಾಲಿನ ಕೊನೆಗೆ ಅವನು ಸುಮ್ಮನಾಗುತ್ತಿದ್ದ. ಆ ಬಿಡುವಿನಲ್ಲಿ ಆಳುಗಳು ಬುಟ್ಟಿ ಎತ್ತಿ ಮೇಲಕ್ಕೆ ದಾಟಿಸುತ್ತಿದ್ದರು. ಗೋಣಿಚೀಲದ ಕೋಣೆಯಲ್ಲಿ ಬಾವಿಯೂ ಇಲ್ಲ, ಬುಟ್ಟಿಯೂ ಇಲ್ಲ. ಆದರೂ ಮುದುಕ ಪ್ರತಿ ಸಾಲಿನ ಕೊನೆಗೂ ಅಷ್ಟೇ ಹೊತ್ತು ಸುಮ್ಮನಾಗುತ್ತಾನೆ. ಆ ಖಾಲಿಯಲ್ಲಿ ಯಾರೋ ಬುಟ್ಟಿ ಎತ್ತಿದ್ದು ನನಗೆ ಕೇಳಿಸಿತು. ನನ್ನ ಖಾಲಿ ಮಾವಿನಕಾಯಿಯನ್ನು ಅರ್ಥಮಾಡಿಕೊಂಡ ಒಬ್ಬನೇ ಒಬ್ಬ ಕಲಾವಿದ ಇಲ್ಲಿದ್ದಾನೆ ಎಂದು ಸರೋಜಳ ಕಡೆ ನೋಡಿದೆ. ಅವಳು ಕ್ಯಾಸೆಟ್ಟಿನ ಎಡಗಡೆ ಇನ್ನೂ ಎಷ್ಟು ಟೇಪು ಉಳಿದಿದೆ ಎಂದು ನೋಡುತ್ತಿದ್ದಳು. ಎರಡನೆಯದು ಕಡಲೆಕಾಯಿ ಸುಲಿಯುವ ಪದ. ರಾಶಿ ಮುಗಿಯುವವರೆಗೆ ಹಾಡುವ ಪದ ಅದು. ರಾಶಿ ದೊಡ್ಡದಿದ್ದರೆ ಪದವೂ ಮಧ್ಯಾಹ್ನ ದಾಟುತ್ತಿತ್ತು. ಇಲ್ಲಿ ಅಂಗಡಿಯವನು ಸಾಕು ಎಂದು ಕೈ ಮಾಡಿರಬೇಕು, ಪದ ಬ್ರೇಕು ಹಾಕಿದ ಬಸ್ಸಿನಂತೆ ನಿಲ್ಲುತ್ತದೆ. ಎಷ್ಟೋ ಹೆಂಗಸರು ಬುಟ್ಟಿ ಮುಂದೆ ಇಟ್ಟುಕೊಂಡು ಕೈ ಮೇಲೆತ್ತಿದಂತೆಯೇ ಕೂತುಬಿಟ್ಟ ಹಾಗಾಗುತ್ತದೆ. ಮೂರನೆಯದು ತತ್ವಪದ. ಕನ್ನಡದಲ್ಲಿ ಹೊರಟು ಅರ್ಧದಾರಿಯಲ್ಲಿ ತೆಲುಗಿಗೆ ಹೊರಳಿಕೊಳ್ಳುತ್ತದೆ, ನಮ್ಮೆಲ್ಲರ ಮಾತಿನಂತೆ. ಈ ದೇಹ ನಿನ್ನದಲ್ಲ ಎಂದು ಅವನು ಹೇಳುತ್ತಿರುವಾಗ ಹೊರಗಿನ ಬಸ್ ಸ್ಟ್ಯಾಂಡಿನಿಂದ ಕಂಡಕ್ಟರೊಬ್ಬ “ರಾಯದುರ್ಗಂ, ರಾಯದುರ್ಗಂ” ಎಂದು ಕೂಗುವುದೂ ಟೇಪಿನಲ್ಲಿ ಬಂದಿದೆ. ತತ್ವಕ್ಕೆ ಅದರಿಂದ ಏನೂ ಕಮ್ಮಿಯಾಗಿಲ್ಲ. ಯೌವನದ ಪದಗಳನ್ನೆಲ್ಲ ಮುದುಕನ ದನಿ ಒಂದೇ ಪಟ್ಟಿಗೆ ಹಾಡಿದ್ದರಿಂದ, ಇದು ಅವನ ಬದುಕಿನ ಸಂಗ್ರಹವಲ್ಲ, ಬದುಕಿನ ಬಗ್ಗೆ ಅವನಿಗೆ ಆ ದಿನ ಏನು ನೆನಪಿತ್ತೋ ಅದರ ಸಂಗ್ರಹ ಎಂದು ನಾನು ಒಂದು ಸಣ್ಣ ಭಾಷಣ ಮಾಡಿದೆ. ಸರೋಜ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದಳು.

ಬಿ ಸೈಡಿನ ಮೂರನೆಯ ಪದ ಅವಳದು. ಚಿಟಿಕೆಯ ಮೊದಲ ಏಟಿಗೇ ಗುರುತು ಹಿಡಿದು ನನ್ನ ಮೊಣಕೈ ತಿವಿದಳು. ಕೆಂಪು ಮಣ್ಣು ಬಂತು, ಊರು ಬಂತು, ಕಡೆಗಣ್ಣ ಚೆಲುವೆ ಬಂದಳು. ಆಮೇಲೆ ತಿಪ್ಪಣ್ಣ ನಿರಾಳವಾಗಿ, ಒಂದಿಷ್ಟೂ ತಡವರಿಸದೆ, “ಕಮಲಮ್ಮ ಬಾಗ್ಲು ತೆಗಿಯೆ” ಎಂದ.

ಸರೋಜ ಟೇಪು ನಿಲ್ಲಿಸಿದಳು. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಕಮಲಮ್ಮನೇ ಬಾಗಿಲು ತೆಗೆಯಲು ಬಂದಳು. ಇನ್ನೊಮ್ಮೆ ಹಾಕಿದರೂ ಅವಳೇ. ಕಮಲಮ್ಮ ಎಂದರೆ ಅಂಗಡಿಯವನ ಹೆಂಡತಿ; ತವರೂರಿನವಳಾದ್ದರಿಂದ ಸರೋಜಳಿಗೆ ಚೆನ್ನಾಗಿ ಗೊತ್ತು. “ಅವಳ್ಯಾವ ಸೀಮೆ ಚೆಲುವೆ. ಸ್ಕೂಲ್ನಾಗೆ ನನ್ ಹಿಂದಿನ್ ಬೆಂಚು” ಎಂದಷ್ಟೇ ಹೇಳಿ ಎದ್ದು ಹೋದಳು. ನಾನು ಟೇಪನ್ನು ಮುಂದುವರಿಸಿದೆ, ಏಕೆಂದರೆ ಉಳಿದ ಎರಡು ಸಾಲು ಕೇಳುವ ಕುತೂಹಲ ನನಗಿತ್ತು. ಯಾರದೋ ಚಪ್ಪರ, ಉಪ್ಪಿಟ್ಟು, ಮೂತಿ, ಗಂಡು, ಎಲ್ಲವೂ ಇದ್ದಲ್ಲೇ ಇದ್ದವು. ಕಮಲಮ್ಮನ ಗಂಡ ತನ್ನ ಸ್ವಂತ ಓಣಿಯಲ್ಲೇ ಮದುವೆಯಾದವನು, ತಪ್ಪು ಚಪ್ಪರಕ್ಕೆ ಹೋಗಲು ಅವನಿಗೆ ಅವಕಾಶವೇ ಇರಲಿಲ್ಲ. ಅಂದರೆ ಇದು ಸಿದ್ಧ ಸಾಲು ಎಂಬ ನನ್ನ ನಿಲುವು ಸಾಬೀತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ತರ್ಕವನ್ನು ವಿವರಿಸಿದೆ. ಅದು ಅದಕ್ಕೆ ಸರಿಯಾದ ಹೊತ್ತಾಗಿರಲಿಲ್ಲ.

ಮುನಿಸು ಅಂದರೆ ಊಟ ತಪ್ಪಿಸುವುದು, ಪಾತ್ರೆ ಎತ್ತಿಹಾಕುವುದು ಎಂದುಕೊಂಡವರಿಗೆ ಸರೋಜ ಗೊತ್ತಿಲ್ಲ. ಅಡುಗೆ ಎಂದಿಗಿಂತ ಚೆನ್ನಾಗಿ ಆಗತೊಡಗಿತು. ಕೇಳಿದ್ದಕ್ಕೆಲ್ಲ “ಸರಿ” ಎಂಬ ಉತ್ತರ. ಕೆಲವು ದಿನದ ಮೇಲೆ ನನ್ನ ಅಕ್ಕ ಬಂದು ಹೋದಳು, ಎಂದಿನಂತೆ ಜಗಳ ಹತ್ತಿತು, ನಾನು ಎಂದಿನಂತೆ ಗೆಲ್ಲುವ ಹಂತಕ್ಕೆ ಬಂದೆ. ಸರೋಜ ಸೆರಗು ಕೊಡವಿ “ನನ್ ಮೇಲೆ” ಎಂದವಳು ಅಲ್ಲಿಗೇ ನಿಂತು, ಹಿತ್ತಲಿಗೆ ಹೋಗಿ ಒಣಗದ ಬಟ್ಟೆಗಳನ್ನೆಲ್ಲ ಒಳಗೆ ತಂದಳು. ಅಷ್ಟು ವರ್ಷಗಳಲ್ಲಿ ನಾನು ಗೆದ್ದ ಮೊದಲ ಜಗಳ ಅದು. ಗೆದ್ದವನು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಗಳನ್ನು ಮತ್ತೆ ಹೊರಗೆ ಹಾಕಿ ಬಂದೆ.

ಈ ನಡುವೆ ಕ್ಯಾಸೆಟ್ಟಿಗೂ ಅಪಘಾತವಾಯಿತು. ಒಂದು ಮಧ್ಯಾಹ್ನ ನಾನಿಲ್ಲದಾಗ ಸರೋಜ ಆ ಸಾಲನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ಓಡಿಸಿ, ಟೇಪು ಯಂತ್ರದೊಳಗೆ ಸಿಕ್ಕಿ ತುಂಡಾಯಿತು. ನೇಕಾರರ ಬೀದಿಯಲ್ಲಿ ಏನೇ ತುಂಡಾದರೂ ಕರೆಯುವುದು ಎದುರುಮನೆಯ ನಂಜಪ್ಪ ಮಾವನನ್ನು. ಮಗ್ಗಕ್ಕೆ ಹೊಸ ಹಾಸು ಹೂಡುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಜೋಡಿಸುವುದು ಅವರ ಕೆಲಸ. ಎರಡು ಬೆರಳಿಗೆ ಬೂದಿ ಸವರಿ, ಎಳೆಗಳನ್ನು ಒಟ್ಟಿಗೆ ಹಿಡಿದು ಒಂದು ತಿರುವು ಕೊಟ್ಟರೆ ಗಂಟೇ ಇಲ್ಲದೆ ಕೂಡಿಕೊಳ್ಳುತ್ತದೆ. ಮಾವ ಬಂದು ಟೇಪನ್ನು ಬೆಳಕಿಗೆ ಹಿಡಿದು ನೋಡಿ, “ಇದೇನು, ಜರಿಗಿಂತ ಅಗಲವಾಗೈತೆ, ಸುಲಭ” ಎಂದು ಒಲೆಯ ಬೂದಿ ತರಿಸಿ, ನಾವು ಬೇಡವೆನ್ನುವ ಮೊದಲೇ ತಿರುವು ಕೊಟ್ಟರು. ಅದು ನಿಲ್ಲದಾಗ ಸೈಕಲ್ ಟ್ಯೂಬಿಗೆ ಹಾಕುವಂಥ ತೇಪೆ ಅಂಟಿಸಿದರು. ಜೋಡಣೆ ಭದ್ರವಾಗಿತ್ತು, ಆದರೆ ಆ ತಿರುವಿನಿಂದ ಟೇಪಿನ ಬೆನ್ನು ಮುಂದಾಗಿ, ಅಲ್ಲಿಂದಾಚೆಗೆ ಎಲ್ಲ ಪದಗಳೂ ಹಿಂದುಮುಂದಾಗಿ, ನೀರೊಳಗೆ ಕೂತು ಹಾಡಿದಂತೆ ಕೇಳತೊಡಗಿದವು. ನನಗದು ಬಹಳ ಹಿಡಿಸಿತು. ಕೊನೆಯಿಂದ ಮೊದಲಿಗೆ ಹೋಗುವ ಹಾಡು, ನೆನಪು ಕೆಲಸ ಮಾಡುವುದೇ ಹಾಗೆ ಎಂದು ಬಂದವರಿಗೆಲ್ಲ ಹಾಕಿ ಕೇಳಿಸಿದೆ. ಒಬ್ಬರು ಕಾಫಿ ಮುಗಿಸದೆ ಎದ್ದು ಹೋದರು. ಸರೋಜ ಮಾತ್ರ, “ಇದ್ರಾಗಾದ್ರೂ ಕಮಲಮ್ಮ ಇಲ್ವಲ್ಲ. ಇಂಗೇ ಇರ್ಲಿ ಬಿಡಿ” ಎಂದಳು. ಆ ಮಾತು ಕೇಳಿ ನನಗೆ ಪ್ರಯೋಗದ ಉತ್ಸಾಹವೆಲ್ಲ ಇಳಿದುಹೋಯಿತು. ತಿಪ್ಪಣ್ಣನ ಹತ್ತಿರವೇ ಹೋಗಿ ಕೇಳೋಣ ಎಂದೆ. ಹೊಸ ಕ್ಯಾಸೆಟ್ಟಿನಲ್ಲಿ ಅವಳ ಹೆಸರು ಹಾಕಿ ಹಾಡಿಸಿಕೊಂಡು ಬಂದರೆ ಮನೆ ಮೊದಲಿನಂತಾದೀತು ಎಂಬುದು ನನ್ನ ಯೋಜನೆ.

ಕಲ್ಯಾಣದುರ್ಗದವರೆಗೆ ಬಸ್ಸು, ಅಲ್ಲಿಂದ ಬೆಳುಗುಪ್ಪದ ಕಡೆಗೆ ಜೀಪು. ಜೀಪಿನಲ್ಲಿ ಮೊದಲೇ ತುಂಬಿದ್ದ ಜನದ ಮಧ್ಯೆ ನಾನು, ಸರೋಜ, ಸರೋಜಳ ಮಡಿಲಲ್ಲಿ ತಿಪ್ಪಣ್ಣನಿಗೆ ಹೊದಿಸಲೆಂದು ತಂದ ನಮ್ಮ ಮಗ್ಗದ ವಲ್ಲಿ, ನನ್ನ ಮಡಿಲಲ್ಲಿ ಟೂ ಇನ್ ಒನ್, ಅದರ ಮೇಲೆ ಯಾರದೋ ಕೋಳಿ. ತಿಪ್ಪಣ್ಣ ಮನೆ ಮುಂದೆ ಮಂಚಕ್ಕೆ ನುಲಿ ಬಿಗಿಯುತ್ತಿದ್ದ. ಹಿಂದೂಪುರದಿಂದ ಬಂದಿದ್ದೇವೆ, ನಿಮ್ಮ ಪದ ಕೇಳಿ ಬಂದಿದ್ದೇವೆ ಎಂದೆ. ಯಾರ ಮನೆಯವರು ಎಂದು ಹೇಳಲಿಲ್ಲ; ಸರೋಜ ದಾರಿಯಲ್ಲೇ ಹೇಳಬೇಡಿ ಎಂದಿದ್ದಳು. ಅವನಾಗಿಯೇ ಗುರುತು ಹಿಡಿಯಲಿ ಎಂಬುದು ಅವಳ ಆಸೆ. ಹಿಡಿಯಲಿಲ್ಲ. ಅವನ ಕ್ಯಾಸೆಟ್ಟು ಮನೆಯ ಗೂಡಿನಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ದೇವರ ಪಕ್ಕದಲ್ಲಿತ್ತು. ಅದನ್ನು ಅವನು ಇನ್ನೂ ಕೇಳಿರಲೇ ಇಲ್ಲ. ಕೇಳಲು ಯಂತ್ರವಿರಲಿಲ್ಲ. ಪೂಜೆ ಮಾಡಿದ್ದನ್ನು ಗೂಡಿನಿಂದ ಇಳಿಸಲು ಅವನ ಹೆಂಡತಿ ಒಪ್ಪದ್ದರಿಂದ ನಮ್ಮದನ್ನೇ ಹಾಕಬೇಕಾಯಿತು, ಬೆನ್ನು ಮುಂದಾದದ್ದನ್ನು. ಮುದುಕ ಕಣ್ಣು ಮುಚ್ಚಿ ಗಂಭೀರವಾಗಿ ಕೇಳಿದ. ಆಮೇಲೆ ಹೇಳಿದ: “ದನಿ ನಂದೇ. ಆದ್ರೆ ಇದು ಮದ್ವೆಗೆ ಹೋಗೋವಾಗ ಆಡಿದ್ದಲ್ಲಪ್ಪ, ಉಂಡ್ಕೊಂಡು ವಾಪಸ್ ಬರೋವಾಗ ಆಡಿದ್ದು.”

ಸರೋಜ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಾಗಿಲು ತೆಗೆಯುವ ಪದ ಯಾರ ಮೇಲೆ ಕಟ್ಟಿದ್ದು ಎಂದು ಕೇಳಿದಳು. ದಾರಿಯುದ್ದಕ್ಕೂ ಅವಳು ಕೇಳಲು ಸಿದ್ಧಮಾಡಿಕೊಂಡಿದ್ದ ಪ್ರಶ್ನೆ ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ.

“ಯಾರ ಮೇಲೆ ಅಂದ್ರೆ ಏನಂತ ಯೋಳ್ಲಿ ಕಣಮ್ಮ” ಎಂದ ತಿಪ್ಪಣ್ಣ. “ಯಾರ ಚಪ್ರದಾಗೆ ನಿಂತಿದ್ರೆ ಅವ್ರ ಪೇರು. ಎಣ್ಣಿನ ಎಸ್ರು ಅನ್ನೋದು ಚಪ್ರದ ಮಾವಿನ ಸೊಪ್ಪು ಇದ್ದಂಗೆ, ಮದ್ವೆಗೊಂದ್ ದಪ ಹೊಸ್ದಾಗಿ ಕಟ್ಬೇಕು. ಮೊನ್ನೆ ಆ ಅಂಗಡಿಯೋನ ಹೆಂಡ್ತಿ ಚಿತ್ರಾನ್ನ ಮಾಡಿ ಇಕ್ಕಿದ್ಲು, ಆಯಮ್ಮಂದು ಹಾಕ್ದೆ. ಮಾವಿನ ಸೊಪ್ಪು ಒಣಗೋಯ್ತು ಅಂತ ಯಾರಾದ್ರೂ ಅಳ್ತಾರಾ?”

ಸರೋಜ ಅಳಲಿಲ್ಲ. ಆದರೆ ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿ, ಮಡಿಲ ಮೇಲೆ ಕೈಗಳನ್ನು ಇಟ್ಟುಕೊಂಡು, ಮಂಚದ ನುಲಿಯನ್ನೇ ನೋಡುತ್ತಾ ಕೂತಳು. ಇಷ್ಟು ವರ್ಷ ಅವಳು ಬಾಗಿಲು ತೆಗೆಯುವವಳಾಗಿ ನಿಂತಿದ್ದ ಮನೆಯೇ ಇಲ್ಲವಾದ ಹಾಗಿತ್ತು ಆ ಮುಖ. ಅವಳಿಗೆ ಸಮಾಧಾನ ಮಾಡಬೇಕೆಂದು ನನಗೆ ನಿಜವಾಗಿ ಅನ್ನಿಸಿತು. ಸಮಾಧಾನ ಮಾಡಲು ನನಗೆ ಗೊತ್ತಿರುವ ಒಂದೇ ವಿಧಾನ ತರ್ಕ. ಹೆಣ್ಣಿನ ಹೆಸರಷ್ಟೇ ಅಲ್ಲ, ಗಂಡಿನ ಮಾತೂ ಹಾಗೆಯೇ, ಆ ಉಪ್ಪಿಟ್ಟಿನ ಸಾಲು ತಲೆತಲಾಂತರದಿಂದ ಬಂದದ್ದಲ್ಲವೇ, ನಿಮ್ಮ ಗುರುಗಳು ಹೇಳಿಕೊಟ್ಟದ್ದಲ್ಲವೇ ಎಂದು ತಿಪ್ಪಣ್ಣನನ್ನು ಕೇಳಿದೆ. ಇಬ್ಬರೂ ಸಮಾನವಾಗಿ ಯಾರೂ ಅಲ್ಲ ಎಂದಾದರೆ ಅವಳ ನೋವು ಅರ್ಧವಾಗುತ್ತದೆ ಎಂದು ನನ್ನ ಲೆಕ್ಕಾಚಾರ.

ತಿಪ್ಪಣ್ಣ ನುಲಿಯನ್ನು ಕೈಬಿಟ್ಟ. ಅವನ ಮುಖ ಅರಳಿತು. “ಗಂಡಾ? ಗಂಡ್ನ ಯಾರೂ ಕಟ್ಟಿಲ್ಲ ಕಣಪ್ಪ. ಅಂಥೋನ್ನ ಕಟ್ಟಾಕೆ ನನ್ ಕೈಲಿ ಆಯ್ತದಾ? ಅವ್ನು ನಿಜವಾಗ್ಲೂ ಇದ್ದ. ಕಲ್ಯಾಣದುರ್ಗಕ್ಕೆ ಬಂದ್ಬುಟ್ಟಿದ್ದ, ಬಸ್ನಾಗೆ.”

ಅವನ ಕತೆಯ ಬಸ್ಸು ನನ್ನ ಬಾಗಿಲಿಗೇ ಬರುತ್ತಿರುವುದು ನನಗೆ ಕಾಣುತ್ತಿತ್ತು. ಇಳಿಯಲು ದಾರಿಯಿರಲಿಲ್ಲ. ಆ ದಿನ ಅವನು ಅಭ್ಯಾಸದಂತೆ ಮೊದಲು ಅಡುಗೆಯವರ ಬಳಿ ಹೋಗಿದ್ದ, ಎರಡೂ ಚಪ್ಪರದ ಅಡುಗೆಯವರು ಅಣ್ಣತಮ್ಮಂದಿರು, ಸುದ್ದಿ ಗೋಡೆ ಹಾರಿ ಬಂದಿತ್ತು. ಗಂಡು ಬಾಗಿಲಿನಿಂದ ವಾಪಸ್ಸಾಗಿರಲಿಲ್ಲವಂತೆ. ಕಾಲು ತೊಳೆಸಿಕೊಂಡನಂತೆ. ಹೂವಿನ ಹಾರ ಹಾಕಿಸಿಕೊಂಡನಂತೆ. ಉಪ್ಪಿಟ್ಟು ತಿಂದು, ಮತ್ತೆ ಬಡಿಸಿಕೊಂಡು, ಚಟ್ನಿಗೆ ಖಾರ ಸಾಲದು ಎಂದನಂತೆ. ಅಲ್ಲಿನ ಹೆಣ್ಣಿನ ಚಿಕ್ಕಪ್ಪನ ಕಾಲಿಗೆ ಬಿದ್ದು ಆಶೀರ್ವಾದ ಪಡೆದನಂತೆ. ಒಳಗಡೆ ಆ ಹೆಣ್ಣು ಕಿಟಕಿಯಿಂದ ನೋಡಿ, ಇವನು ನಾನು ಒಪ್ಪಿದ ಗಂಡಲ್ಲ ಎಂದು ಅತ್ತ ಮೇಲೆ ವಿಷಯ ಹೊರಬಿದ್ದದ್ದು. ಅಲ್ಲಿಂದ ಎಬ್ಬಿಸಿ ಕಳಿಸುವಾಗಲೂ ಎಲೆಯಲ್ಲಿ ಉಳಿದದ್ದನ್ನು ಮುಗಿಸಿಯೇ ಎದ್ದನಂತೆ. ಇವುಗಳಲ್ಲಿ ಎಷ್ಟು ನಿಜ ಎಂದು ನಾನು ಹೇಳಲಾರೆ. ಚಟ್ನಿಯ ಮಾತು ನನ್ನ ಮೂರನೆಯ ವರದಿಯಲ್ಲಿದೆ, ಯಾರಿಗೂ ಹೇಳದ್ದು. ಚಿಕ್ಕಪ್ಪನ ಕಾಲು ನನಗೆ ನೆನಪಿಲ್ಲ. ಆದರೆ ತಿಪ್ಪಣ್ಣ ಹೇಳುತ್ತಿದ್ದ ಹಾಗೆಯೇ, ಹಿಮ್ಮಡಿ ಒಡೆದ ಒಂದು ಜೊತೆ ಕಾಲು ಕಣ್ಣಮುಂದೆ ಬಂದು ನಿಂತಿತು. ಅದು ನೆನಪೋ, ಆಗ ತಾನೇ ಹುಟ್ಟಿದ್ದೋ ಗೊತ್ತಿಲ್ಲ.

“ಆವತ್ತಿಂದ ಎಲ್ಲಿ ಹೋದ್ರೂ ಜನಕ್ಕೆ ಅದೇ ಬೇಕು” ಎಂದ ತಿಪ್ಪಣ್ಣ. “ಬಾವಿ ಪದ ಮರ್ತ್ರು, ತತ್ವ ಅಂದ್ರೆ ಎದ್ದೋಯ್ತಾರೆ. ಉಪ್ಪಿಟ್ಟು ಗಂಡು ಬರ್ಲಿ ತಾತಾ ಅಂತಾರೆ. ಗೋರಂಟ್ಲದಾಗೂ ಅದೇ, ರಾಯದುರ್ಗದಾಗೂ ಅದೇ. ಎಣ್ಣಿನ ಎಸ್ರು ಬದ್ಲಾಯಿಸ್ತೀನಿ, ಗಂಡು ಮಾತ್ರ ಅವ್ನೇ.”

ಸರೋಜಳ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಮೊದಲು ಅವಳು ಒರಗಿದ್ದ ಮಂಚ ಅಲುಗಿತು. ಆಮೇಲೆ ಅವಳು ನಗುತ್ತಿರುವುದು ಗೊತ್ತಾಯಿತು. ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಬಹಳ ಸಹಜವಾದ ದನಿಯಲ್ಲಿ, “ಆ ಗಂಡು ಈಗ ಎಂಗವ್ನೆ ತಾತಾ?” ಎಂದಳು.

“ಎಲ್ಲವ್ನೋ ಕಾಣೆ. ಅವ್ನ ಎಸ್ರು ಕೂಡ ಕೇಳ್ಳಿಲ್ಲ. ಎಸ್ರು ತಕಂಡು ಏನ್ಮಾಡ್ಲಿ, ಗಂಡು ಅಂದ್ರೆ ಪ್ರಾಸಕ್ಕೆ ಸಾಕು. ಎಲ್ಲಿದ್ರೂ ಸಲ್ಲಗಾ ಉಂಡಾಲಿ ಸ್ವಾಮಿ” ಎಂದು, ತಣ್ಣಗಿರಲೆಂದು ತೆಲುಗಿನಲ್ಲಿ ಹರಸಿ ಮುದುಕ ಕೈ ಮೇಲೆತ್ತಿದ. ಅವನ ಎದುರಿಗೇ ಕೂತಿದ್ದ ನಾನು ಆ ಆಶೀರ್ವಾದವನ್ನು ತಲೆತಗ್ಗಿಸಿ ಸ್ವೀಕರಿಸಿದೆ. ಸರೋಜ ಎದ್ದು ವಲ್ಲಿಯನ್ನು ಅವನ ಹೆಗಲಿಗೆ ಹೊದಿಸಿದಳು. “ಇದು ಆ ಗಂಡಿನ್ ಕಡೆಯಿಂದ ಅಂದ್ಕೋ ತಾತಾ” ಎಂದಳು. ನಾನು ಹೊಸ ಕ್ಯಾಸೆಟ್ಟು ಹೊರಗೆ ತೆಗೆದು, ಇವಳ ಹೆಸರು ಹಾಕಿ ಒಂದು ಸಲ ಹಾಡುತ್ತೀರಾ ಎಂದು ಕೇಳಿದೆ. ತಿಪ್ಪಣ್ಣ ತಂಬೂರಿಗೆ ಕೈ ಚಾಚಿದ. ಅಷ್ಟರಲ್ಲಿ ಸರೋಜಳೇ ತಡೆದಳು. “ನನ್ ಎಸ್ರು ಬ್ಯಾಡ ಬಿಡಿ. ಅದ್ಯಾತಕ್ಕೆ, ಮಾವಿನ ಸೊಪ್ಪು. ತಾತಾ, ನೀನು ಗಂಡಿಂದೇ ಇನ್ನೊಂದ್ ದಪ ಯೋಳು, ನಿದಾನಕ್ಕೆ.”

ಹಿಂದೂಪುರಕ್ಕೆ ವಾಪಸ್ಸು ಬಂದ ಮೇಲೆ ಮನೆ ಮೊದಲಿನಂತಾಯಿತು ಎಂದು ಹೇಳಿದರೆ ಅದು ಆಯ್ದ ಮಾತಾಗುತ್ತದೆ. ಮೊದಲಿಗಿಂತ ಗಟ್ಟಿಯಾಯಿತು. ಸರೋಜಳಿಗೆ ಹೊಸ ಅಸ್ತ್ರ ಸಿಕ್ಕಿತ್ತು, ಅದು ತುಕ್ಕು ಹಿಡಿಯದ್ದು. ಈಗ ನಾನು ಗೆಲ್ಲುವ ಹಂತಕ್ಕೆ ಬಂದರೆ ಅವಳು ಸೆರಗನ್ನೂ ಕೊಡವುವುದಿಲ್ಲ, ಸುಮ್ಮನೆ ಒಲೆಯ ಕಡೆ ತಿರುಗಿ, “ಚಟ್ನಿಗೆ ಖಾರ ಸಾಕಾ?” ಎಂದು ಕೇಳುತ್ತಾಳೆ. ನಮ್ಮ ವಂಶದವರ ಮೇಲೆ ಕೊನೆಗೂ ಒಬ್ಬರು ಪದ ಕಟ್ಟಿದ್ದಾರೆ ಎಂದು ನಾನು ಎದೆಯುಬ್ಬಿಸಬಹುದಿತ್ತು. ಆದರೆ ಹೊಸದನ್ನು ಮಾಡಬೇಕು, ಯಾರೂ ಮಾಡದ್ದನ್ನು ಮಾಡಬೇಕು ಎಂದು ರಟ್ಟಿನಲ್ಲಿ ತೂತು ಹೊಡೆದು ಹೊಡೆದು ಕಣ್ಣು ಕೆಡಿಸಿಕೊಂಡವನು ನಾನು. ಮೂರು ತಾಲ್ಲೂಕಿನ ಜನ ಬಾಯಿಪಾಠ ಮಾಡಿಕೊಂಡ ನನ್ನ ಏಕೈಕ ಕೃತಿ ಒಂದು ತಟ್ಟೆ ಉಪ್ಪಿಟ್ಟು, ಅದೂ ಅಂಕಿತವಿಲ್ಲದ್ದು ಎಂದು ತಿಳಿದರೆ ಎದೆ ಎಷ್ಟೆಂದು ಉಬ್ಬೀತು.

ಮೊನ್ನೆ ಗೋರಂಟ್ಲದಲ್ಲೊಂದು ಮದುವೆ. ತಿಪ್ಪಣ್ಣ ಈಗ ಹಾಡುವುದಿಲ್ಲ. ಮೈಕಿನ ಮುಂದೆ ಯಾರೋ ಹೊಸಬ ನಿಂತು ಅದೇ ಪದ ತೆಗೆದ. ಹೆಣ್ಣಿನ ಹೆಸರು ಹೊಸದಾಗಿತ್ತು, ಉಳಿದದ್ದು ಹಳೆಯದು. ಗಂಡಿನ ಸಾಲಿಗೆ ಚಪ್ಪರವೆಲ್ಲ ನಕ್ಕಿತು, ನಾನೂ ನಕ್ಕೆ. ಪಕ್ಕದ ಎಲೆಯವರು ಕಣ್ಣೊರೆಸಿಕೊಂಡು, ಅಂಥವನೊಬ್ಬ ನಿಜವಾಗಿ ಇದ್ದಿರಬಹುದೇ ಸ್ವಾಮಿ ಎಂದರು. ಎಲ್ಲ ಕಟ್ಟಿದ್ದು, ‘ಉಂಡು’ ‘ಗಂಡು’ ಹಳೆಯ ಪ್ರಾಸ ಎಂದು ವಿವರಿಸಿದೆ. ಹೆಂಗಸರ ಸಾಲಿನಿಂದ ಸರೋಜ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಉಪ್ಪಿಟ್ಟಿನ ಬಕೆಟ್ಟು ನನ್ನ ಎಲೆಯ ಹತ್ತಿರ ಬಂತು. ಬಡಿಸುವವನ ಕೈ ಹಿಡಿದು ನಿಲ್ಲಿಸಿ, ಪಕ್ಕದವರ ಕಿವಿಯಲ್ಲಿ ಮೆಲ್ಲಗೆ ಕೇಳಿದೆ: “ಇದು ಯಾರ ಮದುವೆ ಅಂದಿರಿ?”